ಸೋತ ದಿನದ ಹೂಗುಚ್ಛ

ಬೀದಿಯ ತಿರುವಿನಲ್ಲಿ ಓದಿಯೆಲ್‌ನ ಮೋಟಾರ್ ಸೈಕಲ್ ಸದ್ದು ಕೇಳಿದ್ದೇ ತಡ, ಸಿದೋನಿ ಏಪ್ರನ್ ಬಿಚ್ಚೆಸೆದು ಕೂದಲು ಸರಿಮಾಡಿಕೊಂಡಳು. ತಮ್ಮ ಬಿಯರ್ ಅಂಗಡಿಯಲ್ಲಿ ಗ್ಲಾಸು ಒರೆಸುತ್ತಿದ್ದ ಅಮ್ಮ ನಕ್ಕಳು. "ಸಾಕು ಬಿಡೇ, ಅವ್ನೇನು ನಿನ್ನ ನೋಡದೇ ಇರೋನಾ?"

ಗೆಂಟ್ ಊರಿನ ರೇಸುಗಾರರಿಗೊಂದು ಪದ್ಧತಿ. ಗೆದ್ದವನು ಹೂಗುಚ್ಛವನ್ನು ತನ್ನ ಅಭಿಮಾನಿಗಳು ಸೇರುವ ಬಿಯರ್ ಅಂಗಡಿಗೇ ತರಬೇಕು. ಅಂಗಡಿಯ ಹೆಣ್ಣಿನ ಕೈಗಿತ್ತು ಕೆನ್ನೆಗೆ ಮೂರು ಮುತ್ತಿಡಬೇಕು. ಅವಳು ಅದನ್ನು ತೊಲೆಗೆ ಕಟ್ಟಿ ಪೀಪಾಯಿ ತೆರೆಯಬೇಕು. ಓದಿಯೆಲ್ ಸೈಕಲ್ ರೇಸಿನಲ್ಲಿ ಗೆದ್ದ ಹೂಗಳೆಲ್ಲ ಅಲ್ಲೇ ಒಣಗಿ ನೇತಾಡುತ್ತಿದ್ದವು. ಆ ಹೂಗಳನ್ನೇ ನಂಬಿ ಸಿದೋನಿ, ಮದುವೆಗೆ ಕೇಳಿದ್ದ ಬೇಕರಿಯ ರೆಮಿಯನ್ನು ಒಲ್ಲೆನೆಂದಿದ್ದಳು. ನಂಬುವವರಿಗೆ ಒಣಗಿದ ಹೂವೂ ಘಮಘಮಿಸುತ್ತದೆ.

ಓದಿಯೆಲ್ ಹೊಸ ಹೂಗುಚ್ಛ ಹಿಡಿದು ಒಳಗೆ ಬಂದ. ಮೋಟಾರ್ ರೇಸಿನಲ್ಲಿ ಇದು ಅವನ ಮೊದಲ ಗೆಲುವು. ಮುಖವೆಲ್ಲ ಮಸಿ, ಕನ್ನಡಕವಿದ್ದ ಜಾಗ ಮಾತ್ರ ಬಿಳಿ.

"ಗೂಬೆ ಥರ ಕಾಣ್ತಿದೀಯ," ಎಂದಳು ಓರೆಗಣ್ಣಿನಲ್ಲಿ.

"ಗೆದ್ದಿರೋ ಗೂಬೆ ಕಣೇ. ಸ್ವಲ್ಪ ಹಿತ್ತಲಿಗೆ ಬಾ, ಮಾತಿದೆ."

ಜನ ಓಹೋ ಎಂದು ಮೇಜು ಕುಟ್ಟಿದರು. ಇವತ್ತು ಮದುವೆಗೆ ಕೇಳೇ ಕೇಳುತ್ತಾನೆ ಎಂದುಕೊಂಡು ಸಿದೋನಿ ಅವನ ಹಿಂದೆ ಹೋದಳು.

ಹಿತ್ತಲಲ್ಲಿ ಅವನು ನೆಲ ನೋಡುತ್ತ ಹೇಳಿದ. "ಎಲ್ವೀರ್ ಜೊತೆ ನನ್ನ ಮದ್ವೆ ಗೊತ್ತಾಗಿದೆ. ಮೋಟಾರ್ ಕಾರ್ಖಾನೆ ಯಜಮಾನರ ಮಗಳು. ಬೇರೆಯವರ ಬಾಯಿಂದ ನಿಂಗೆ ಗೊತ್ತಾಗೋದು ಬೇಡ ಅಂತ..."

"ಮತ್ತೆ ಆ ಹೂವೆಲ್ಲ? ಮುತ್ತು?"

"ಅಯ್ಯೋ ಹುಚ್ಚಿ! ಹೂವು ಅಂಗಡಿಗೆ, ಮುತ್ತು ಪದ್ಧತಿಗೆ. ಅಲ್ಲಿ ನಿಮ್ಮಮ್ಮ ನಿಂತಿದ್ರೆ ಅವ್ರಿಗೇ ಕೊಡ್ತಿದ್ದೆ."

ಹತ್ತಿದ ಏಣಿಯನ್ನು ಒದೆಯುವವರ ಕಥೆ ಸಿದೋನಿ ಬೇಕಾದಷ್ಟು ಕೇಳಿದ್ದಳು. ಆ ಏಣಿ ತಾನೇ ಎಂದು ಈಗ ತಿಳಿಯಿತು.

"ಹಾಗಾದ್ರೆ ಕಿಟಕಿ ಹತ್ರ ಇರೋ ಗುಚ್ಛ? ಬಿದ್ದು ಮೊಣಕಾಲು ಒಡ್ಕೊಂಡು, ಕೊನೆಗೆ ಬಂದ ದಿನ ತಂದ್ಯಲ್ಲ. ಸೋತೋರಿಗೆ ಹೂ ಯಾರು ಕೊಡ್ತಾರೆ?"

ಅವನು ಕೈಯಲ್ಲಿದ್ದ ಹೊಸ ಗುಚ್ಛವನ್ನು ಬೆನ್ನ ಹಿಂದೆ ಸರಿಸಿದ. "ಸಂತೇಲಿ ಕೊಂಡಿದ್ದೆ. ನಿಂಗೇ ಅಂತ."

"ಅಂದ್ರೆ?"

"ನಂಗೆ ಇಷ್ಟ ನೀನೇ ಸಿದೋನಿ. ಈಗ್ಲೂ. ಆದ್ರೆ ಅವರಪ್ಪ ಹೊಸ ಎಂಜಿನ್ ಕೊಡ್ತಾರೆ. ನೀನೇನ್ ಕೊಡ್ತೀಯ, ಬಿಯರ್ರಾ?"

ಪ್ರೀತಿಯೇ ಇರಲಿಲ್ಲ ಎಂದಿದ್ದರೆ ಅವಳು ಅತ್ತು ಸುಮ್ಮನಾಗುತ್ತಿದ್ದಳು. ಇದ್ದ ಪ್ರೀತಿಯನ್ನು ಒಂದು ಎಂಜಿನ್ನಿಗೆ ಮಾರಿಕೊಂಡನಲ್ಲ ಎಂದು ಸಿಟ್ಟು ಬಂತು.

ಅವಳು ದಡದಡನೆ ಒಳಗೆ ಹೋಗಿ, ಸ್ಟೂಲು ಹತ್ತಿ ಕಿಟಕಿಯ ಬಳಿಯ ಗುಚ್ಛವನ್ನು ಬಿಚ್ಚಿದಳು. ಹಿಂದೆಯೇ ಬಂದವನ ಕೈಗೆ ಎಲ್ಲರೆದುರು ಅದನ್ನು ತುರುಕಿದಳು.

"ಇದು ಅಂಗಡೀದಲ್ಲ. ನಿನ್ನ ಮದುವಣಗಿತ್ತಿಗೆ ಕೊಡು. ಕೇಳಿದ್ರೇನ್ರಪ್ಪ, ಓದಿಯೆಲ್ ಕಾರ್ಖಾನೆಗೆ ಅಳಿಯ ಆಗ್ತಿದಾನೆ!"

ಯಾರೂ ಮೇಜು ಕುಟ್ಟಲಿಲ್ಲ. ಒಣ ದಳಗಳು ಅವನ ಬೂಟಿನ ಮೇಲೆ ಪುಡಿಪುಡಿಯಾಗಿ ಉದುರಿದವು. ಸಿದೋನಿ ಹೊಸ ಗುಚ್ಛವನ್ನು ಅವನಿಂದ ಕಸಿದುಕೊಂಡು ಖಾಲಿಯಾದ ಮೊಳೆಗೆ ಕಟ್ಟಿದಳು.

"ಮತ್ತೆ ಮುತ್ತು?" ಎಂದ ಮೂಲೆಯ ಮುದುಕ, ಏನೂ ಅರ್ಥವಾಗದೆ.

"ಪದ್ಧತಿ ಬಿಡೋಕಾಗುತ್ತಾ ತಾತ? ಅಮ್ಮಾ, ಇಲ್ಲಿ ಬಾ. ಓದಿಯೆಲ್ ನಿಂಗೆ ಮುತ್ತಿಡ್ತಾನಂತೆ."

ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು ಕೆನ್ನೆಯೊಡ್ಡಿದಳು. ಓದಿಯೆಲ್ ಬಗ್ಗಿದ. ಒಂದು, ಎರಡು, ಮೂರು. ಅಷ್ಟರಲ್ಲಿ ಅವನ ಮುಖದ ಮಸಿಯಲ್ಲಿ ಕಣ್ಣಿಂದ ಕೆಳಗೆ ಎರಡು ಬಿಳಿಯ ಗೆರೆ ಮೂಡಿದ್ದವು.

ಸಿದೋನಿ ಅದನ್ನು ನೋಡಿದಳು. ನೋಡಿ, ಪೀಪಾಯಿ ತೆರೆದಳು.