ಸುಣ್ಣದ ತಿಳಿನೀರು

ಸುಣ್ಣದ ಕಲ್ಲಿಗೆ ನೀರು ಬಿದ್ದಾಗ ಏಳುವ ವಾಸನೆ...

ಬಿಸಿಯಾದ, ಒದ್ದೆಯಾದ, ಮೂಗನ್ನು ಸಣ್ಣಗೆ ಚುರುಗುಟ್ಟಿಸುವ ವಾಸನೆ. ಶಿವಮೊಗ್ಗದ ದುರ್ಗಿಗುಡಿಯ ಮನೆಯಲ್ಲಿ ಪ್ರತಿ ದೀಪಾವಳಿಗೂ ಮೊದಲು ಅಜ್ಜಿ ಬಾನಿಯಲ್ಲಿ ಸುಣ್ಣ ಅರಳಿಸುತ್ತಿದ್ದರು. ಪುಟ್ಟ ದೀಪಶ್ರೀ ಕಂಬ ಹಿಡಿದು ನಿಂತು ಆ ಹಬೆಯನ್ನು ಎದೆತುಂಬ ಎಳೆದುಕೊಳ್ಳುತ್ತಿದ್ದಳು.

ಇಪ್ಪತ್ತು ವರ್ಷಗಳ ನಂತರ, ಭದ್ರಾವತಿಯ ಹೊರವಲಯದ ಸುಣ್ಣದ ಭಟ್ಟಿಯಲ್ಲಿ, ಅದೇ ವಾಸನೆ! ಕೈಯಲ್ಲಿದ್ದ ಫೈಲನ್ನೂ ಮರೆತು ಅವಳು ಕುದಿಯುತ್ತಿದ್ದ ತೊಟ್ಟಿಯತ್ತ ಬಗ್ಗಿದಳು.

ಯಾರೋ ಅವಳ ತೋಳು ಹಿಡಿದು ರಪ್ಪನೆ ಹಿಂದಕ್ಕೆಳೆದರು. ಮರುಕ್ಷಣವೇ ಅವಳು ಬಗ್ಗಿದ್ದ ಜಾಗಕ್ಕೆ ಸುಣ್ಣ ಸಿಡಿಯಿತು.

"ಕಣ್ಣು ಬೇಡ್ವಾ ನಿಮಗೆ?"

"ಕೈ ಬಿಡ್ರೀ! ಯಾರು ನೀವು?"

"ಮನೋಹರ. ಶಿಫ್ಟ್ ಆಪರೇಟರ್." ಅವನು ಕೈ ಬಿಟ್ಟ. ತನ್ನ ರಕ್ಷಣಾ ಕನ್ನಡಕವನ್ನು ಅಂಗಿಯಲ್ಲಿ ಒರೆಸಿ ಕೊಟ್ಟ. "ಹಾಕ್ಕೊಳ್ಳಿ. ಆಮೇಲೆ ಬೈಯಿರಿ."

ಪಕ್ಕದಲ್ಲಿ ಕಲ್ಲು ಹೊರುತ್ತಿದ್ದ ಶಂಕರಮ್ಮ ನಕ್ಕಳು. "ಅಯ್ಯೋ ಮಾರಾಯ್ತಿ, ನಮ್ ಮನೋಹರ ಇಷ್ಟು ಮಾತಾಡಿದ್ದೇ ಇದೇ ಮೊದಲು!"

ದೀಪಶ್ರೀ ಬಂದದ್ದು ಹೊಗೆ ಹಿಡಿಯುವ ಯಂತ್ರಕ್ಕಾಗಿ. ಸುಣ್ಣದ ಕಲ್ಲು ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಚಿಮಣಿಯಿಂದ ಆಕಾಶಕ್ಕೆ ಹೋಗಿ ಭೂಮಿಯನ್ನು ಬಿಸಿಮಾಡುತ್ತದೆ. ಅದನ್ನು ದಾರಿಯಲ್ಲೇ ಒಂದು ದ್ರಾವಣದಿಂದ ಹಿಡಿದು, ಸಿಮೆಂಟು ಇಟ್ಟಿಗೆಗಳೊಳಗೆ ಸೇರಿಸಿ ಗಟ್ಟಿಮಾಡಬೇಕು. ಶಿವಮೊಗ್ಗದಲ್ಲಿ ಅವಳು ಕೆಲಸ ಮಾಡುತ್ತಿದ್ದ ಸಂಶೋಧನಾ ತಂಡದ ಪ್ರಯೋಗ ಅದು. ಇಲ್ಲಿ ಗೆದ್ದರೆ ಇನ್ನೂ ಹತ್ತು ಭಟ್ಟಿಗಳಿಗೆ ಯಂತ್ರ ಬರುತ್ತಿತ್ತು, ಅದರ ಹೊಣೆ ಅವಳದಾಗುತ್ತಿತ್ತು.

"ಅಂದ್ರೆ ಕಲ್ಲಿಂದ ಬಂದದ್ದು ಮತ್ತೆ ಕಲ್ಲಿಗೇ ಹೋಗುತ್ತೆ ಅನ್ನಿ," ಎಂದ ಮನೋಹರ.

ಅವಳು ಬೆರಗಾದಳು. ಆರು ಪುಟಗಳಲ್ಲಿ ತಾನು ಬರೆದದ್ದು ಇಷ್ಟೇ ಅಲ್ಲವೇ!

ಅಂದು ಅವಳು ಊಟ ತಂದಿರಲಿಲ್ಲ. ಅವನು ಏನೂ ಕೇಳದೆ, ತನ್ನ ಡಬ್ಬಿಯ ಮೇಲಿನ ಬಟ್ಟಲನ್ನು ಅವಳ ಮುಂದಿಟ್ಟು ಹೋದ. ಅಕ್ಕಿ ರೊಟ್ಟಿ, ಅವರೆಕಾಳಿನ ಪಲ್ಯ. ಮರುದಿನದಿಂದ ಅವನ ಅಮ್ಮ ಪುಷ್ಪಮ್ಮ ಇಬ್ಬರಿಗಾಗುವಷ್ಟು ಕಟ್ಟತೊಡಗಿದರು.

ಮನೋಹರನಿಗೆ ಒಂದು ಅಭ್ಯಾಸವಿತ್ತು. ಪ್ರತಿ ಶಿಫ್ಟಿನಲ್ಲೂ ಒಂದು ಬಾಟಲಿಗೆ ಸುಣ್ಣದ ತಿಳಿನೀರು ತುಂಬಿ, ಯಂತ್ರ ದಾಟಿ ಬಂದ ಹೊಗೆಯನ್ನು ಅದಕ್ಕೆ ಬಿಡುತ್ತಿದ್ದ. ನೀರು ಹಾಲಿನಂತೆ ಬೆಳ್ಳಗಾಗಲು ಎಷ್ಟು ಹೊತ್ತಾಯಿತೆಂದು ಶಿಫ್ಟ್ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಹೊಗೆಯಲ್ಲಿ ಇಂಗಾಲ ಹೆಚ್ಚು ಉಳಿದಿದ್ದರೆ ಬೇಗ, ಕಡಿಮೆಯಿದ್ದರೆ ತಡವಾಗಿ.

"ಇದು ಏಳನೇ ಕ್ಲಾಸಿನ ಪ್ರಯೋಗ ಕಣ್ರೀ! ಹೊಗೆ ಅಳೆಯೋಕೆ ಅಷ್ಟು ದೊಡ್ಡ ಮೀಟರ್ ಇದೆಯಲ್ಲ?"

"ಇರಲಿ ಮೇಡಂ. ಮೀಟರಿಗೂ ಒಬ್ಬ ಜೊತೆಗಾರ ಬೇಕು."

ಅವನು ಮೀಟರಿನ ಬಗ್ಗೆಯೇ ಹೇಳುತ್ತಿದ್ದಾನೆಯೇ... ಅವಳ ಕೆನ್ನೆ ಬೆಚ್ಚಗಾಯಿತು.

ಆಯುಧಪೂಜೆ ಬಂತು. ಭಟ್ಟಿಯವರೆಲ್ಲ ಯಂತ್ರಗಳನ್ನು ತೊಳೆದು, ಕುಂಕುಮವಿಟ್ಟು, ಹೂ ಮುಡಿಸಿದರು. "ನನ್ನ ಮೀಟರಿಗೆ ನಾನೇ ಮಾಡ್ತೀನಿ," ಎಂದು ದೀಪಶ್ರೀ ಹಟ ಹಿಡಿದಳು. ಮೀಟರಿನ ಸಣ್ಣ ಕೊಳವೆಯನ್ನು ತಾನೇ ಬಿಚ್ಚಿ ತೊಳೆದಳು, ತಾನೇ ಜೋಡಿಸಿದಳು. ಮನೋಹರ ಹೂವಿನ ಬುಟ್ಟಿ ಹಿಡಿದು ಪಕ್ಕದಲ್ಲಿ ನಿಂತಿದ್ದ.

ಮರುದಿನ ಮೀಟರ್ ನೋಡಿ ಅವಳು ಕುಣಿದುಬಿಟ್ಟಳು! ಅಲ್ಲಿಯವರೆಗೆ ನೂರರಲ್ಲಿ ಅರವತ್ತೊಂದು ಪಾಲು ಹಿಡಿಯುತ್ತಿದ್ದ ಯಂತ್ರ ಈಗ ತೊಂಬತ್ತು ತೋರಿಸುತ್ತಿತ್ತು.

ಮನೋಹರ ಮಾತ್ರ ನಗಲಿಲ್ಲ.

ಒಂದು ವಾರಕ್ಕೆ, ಹತ್ತು ಯಂತ್ರಗಳಿಗೆ ಒಪ್ಪಿಗೆ ಕೊಡಬೇಕಾಗಿದ್ದ ಮುರುಗೇಶಪ್ಪನವರ ಪರಿಶೀಲನಾ ತಂಡ ಬಂತು. ಭಟ್ಟಿಯ ಯಜಮಾನ ವಿಶ್ವಾರಾಧ್ಯರು ಎಲ್ಲರಿಗೂ ಮೈಸೂರು ಪಾಕ್ ಹಂಚಿಸಿದರು. ದೀಪಶ್ರೀ ತೊಂಬತ್ತರ ಗ್ರಾಫ್ ತೋರಿಸುತ್ತಿದ್ದಾಗ ಹಿಂದಿನಿಂದ ಮೆಲ್ಲನೆ ದನಿ ಕೇಳಿತು.

"ಸರ್, ಆ ಮೀಟರನ್ನ ಇನ್ನೊಂದು ಸಲ ನೋಡಿದ್ರೆ ಒಳ್ಳೇದು. ಹಬ್ಬಕ್ಕೆ ಮೊದಲು ತಿಳಿನೀರು ಎಷ್ಟು ಹೊತ್ತಿಗೆ ಬೆಳ್ಳಗಾಗ್ತಿತ್ತೋ, ಈಗಲೂ ಅಷ್ಟೇ ಹೊತ್ತಿಗೆ ಆಗ್ತಿದೆ."

ಯಾರೋ ಕಿಸಕ್ಕೆಂದರು. ದೀಪಶ್ರೀಯ ಮೈ ಉರಿದುಹೋಯಿತು. ಇಷ್ಟು ಜನರೆದುರು... ಇವನೇ!

"ಯಂತ್ರ ಬಂದ್ರೆ ನಿಮ್ಮ ಕೆಲಸ ಹೋಗುತ್ತೆ ಅಂತ ಭಯ ಅಲ್ವಾ ನಿಮಗೆ? ಎಸ್ಸೆಸ್ಸೆಲ್ಸಿ ಓದ್ಕೊಂಡು ಬಾಟ್ಲಿ ಅಲ್ಲಾಡಿಸಿದ್ರೆ ವಿಜ್ಞಾನಿ ಆಗಲ್ಲ ಮನೋಹರ್!"

ಶಂಕರಮ್ಮನ ತಲೆಯ ಮೇಲಿನ ಬುಟ್ಟಿ ಅಲ್ಲೇ ನಿಂತಿತು.

ಮನೋಹರ ಬಾಯಿ ತೆರೆದ. ಅವಳ ಮುಖ ನೋಡಿದ. ಮತ್ತೆ ಮುಚ್ಚಿದ.

"ತಪ್ಪಾಯ್ತು ಮೇಡಂ," ಎಂದಷ್ಟೇ ಹೇಳಿ ಹೊರಗೆ ಹೋದ.

ಮರುದಿನ ಯಜಮಾನರು ಅವನನ್ನು ಕಲ್ಲು ಒಡೆಯುವ ಕಡೆಗೆ ಹಾಕಿದರು. ದೀಪಶ್ರೀ ತಡೆಯಲಿಲ್ಲ. ಊಟದ ಹೊತ್ತಿಗೆ ಅವಳ ಮೇಜು ಖಾಲಿ. ಹಸಿವಿರಲಿಲ್ಲ. ಆದರೂ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು. ನಾನು ಹೇಳಿದ್ದು ಸರಿಯೇ ಅಲ್ಲವೇ?

ದೀಪಾವಳಿ ಬಂತು. ಅಂದು ಬೆಳಿಗ್ಗೆ ಭಟ್ಟಿಯಲ್ಲಿ ಲಕ್ಷ್ಮೀಪೂಜೆ. ಪೂಜೆ ಮುಗಿದ ಮೇಲೆ, ಹನ್ನೊಂದಕ್ಕೆ, ಮುರುಗೇಶಪ್ಪನವರು ಬಂದು ಅಂತಿಮ ವರದಿ ಒಪ್ಪಿಕೊಳ್ಳುವವರಿದ್ದರು. ದೀಪಶ್ರೀ ತನ್ನ ಕಪಾಟಿನಿಂದ ಆಯುಧಪೂಜೆಯ ತಟ್ಟೆ ಹೊರತೆಗೆದಳು. ಕುಂಕುಮದ ಬಟ್ಟಲಿಗೆ ಬೆರಳದ್ದಿದಳು.

ಬೆರಳಿಗೆ ಏನೋ ಮೆತ್ತಗೆ ತಗುಲಿತು.

ಒಂದು ಪುಟ್ಟ ರಬ್ಬರ್ ವಾಷರ್. ಕುಂಕುಮ ಮೆತ್ತಿ ಕೆಂಪಾಗಿತ್ತು.

ಕೊಳವೆ ಬಿಚ್ಚಿದಾಗ, ಕಳೆದುಹೋಗದಿರಲಿ ಎಂದು ಬಟ್ಟಲ ಅಂಚಿಗೆ ಇಟ್ಟವಳು ಅವಳೇ! ವಾಷರ್ ಇಲ್ಲದೆಯೇ ಕೊಳವೆ ಜೋಡಿಸಿದ್ದಳು. ಅಂದಿನಿಂದ ಮೀಟರು ಹೊಗೆಯ ಜೊತೆ ಹೊರಗಿನ ಗಾಳಿಯನ್ನೂ ಎಳೆದುಕೊಂಡಿತ್ತು. ಅದಕ್ಕೇ ಹೊಗೆಯಲ್ಲಿ ಇಂಗಾಲ ಕಡಿಮೆ ಕಂಡಿತ್ತು. ಅದಕ್ಕೇ ತೊಂಬತ್ತು.

ಓಡಿಹೋಗಿ ವಾಷರ್ ಹಾಕಿ ಬಿಗಿದಳು. ಹತ್ತು ನಿಮಿಷಕ್ಕೆ ಮೀಟರ್ ಅರವತ್ತೊಂದಕ್ಕೆ ಇಳಿಯಿತು.

ಅವಳಿಗೆ ಥಟ್ಟನೆ ಇನ್ನೊಂದು ನೆನಪಾಯಿತು. ಕೊಳವೆ ಬಿಚ್ಚಿದ್ದನ್ನು ಮನೋಹರ ಪಕ್ಕದಲ್ಲೇ ನಿಂತು ನೋಡಿದ್ದ. ಅಂದು ಎಲ್ಲರೆದುರು, 'ಇದನ್ನು ಬಿಚ್ಚಿದ್ದು ನೀವೇ' ಎಂದು ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಅವನು ಮೀಟರನ್ನು ದೂರಿದ. ಅವಳನ್ನು ದೂರಲಿಲ್ಲ!

ಅಯ್ಯೋ... ನಾನೆಂಥವಳು!

ವಾಷರ್ ಕಂಡದ್ದು ಅವಳೊಬ್ಬಳಿಗೇ. ಅದನ್ನು ಮತ್ತೆ ತೆಗೆದುಬಿಟ್ಟರೆ ತೊಂಬತ್ತು. ಹತ್ತು ಯಂತ್ರಗಳು. ಚಪ್ಪಾಳೆ. ಆದರೆ ಆಕಾಶಕ್ಕೆ ಹೋಗುವ ಹೊಗೆ ಅವಳ ವರದಿ ಓದಿ ಹಿಂದಕ್ಕೆ ಬರುತ್ತದೆಯೇ?

ಹನ್ನೊಂದು ಗಂಟೆಗೆ ಎಲ್ಲರೂ ಸೇರಿದರು. ಕಲ್ಲಿನ ಧೂಳು ಮೆತ್ತಿದ ಮನೋಹರ ಕೊನೆಯಲ್ಲಿ ನಿಂತಿದ್ದ. ದೀಪಶ್ರೀಯ ಬೆರಳಿನ ತುದಿ ಇನ್ನೂ ಕೆಂಪಾಗಿತ್ತು.

"ಸರ್, ತೊಂಬತ್ತು ಸುಳ್ಳು." ಅವಳು ವರದಿಯ ಫೈಲನ್ನು ಮುಚ್ಚಿದಳು. "ಅರವತ್ತೊಂದೇ ನಿಜ. ಹಬ್ಬದ ದಿನ ಮೀಟರಿನ ಕೊಳವೆ ತೊಳೆದು, ವಾಷರ್ ಹಾಕೋದನ್ನ ಮರೆತವಳು ನಾನು. ಮನೋಹರ ಅವರು ಹೇಳಿದ್ರು. ಈ ಜಾಗದಲ್ಲೇ ಅವರಿಗೆ ಅವಮಾನ ಮಾಡಿದೆ. ಅವರ ಓದಿನ ಬಗ್ಗೆ ಆಡಬಾರದ್ದು ಆಡಿದೆ. ನಾಚಿಕೆ ಆಗ್ತಿದೆ... ಕ್ಷಮೆ ಕೇಳೋಕೂ ನಾಚಿಕೆ ಆಗ್ತಿದೆ."

ಶಂಕರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ವಿಶ್ವಾರಾಧ್ಯರು ನೆಲ ನೋಡಿದರು.

ಮುರುಗೇಶಪ್ಪನವರು ಶಿಫ್ಟ್ ಪುಸ್ತಕ ತರಿಸಿ, ಮನೋಹರನ ದುಂಡನೆಯ ಅಕ್ಷರಗಳನ್ನು ಪುಟಪುಟವಾಗಿ ಓದಿದರು.

"ಹತ್ತು ಯಂತ್ರದ ಮಾತು ಈಗ ಬೇಡ. ಅರವತ್ತೊಂದೂ ಸಣ್ಣದಲ್ಲಮ್ಮ, ಆದ್ರೆ ಇದೊಂದೇ ಎಲ್ಲ ಸರಿಮಾಡಲ್ಲ, ಉರಿಸೋದನ್ನೂ ಕಡಿಮೆ ಮಾಡ್ಬೇಕು. ಇನ್ನಾರು ತಿಂಗಳು ಅಳೆಯಿರಿ. ಈ ಸಲ ಇವರ ತಿಳಿನೀರೂ ವರದಿಯಲ್ಲಿರಲಿ."

ವಿಶ್ವಾರಾಧ್ಯರು ಗಂಟಲು ಸರಿಮಾಡಿಕೊಂಡರು. "ಮನೋಹರ, ನಾಳೆಯಿಂದ ಮೀಟರ್ ಹತ್ರಾನೇ ಬಾರಪ್ಪ."

ಜನ ಚದುರಿದರು. ದೀಪಶ್ರೀ ತೊಟ್ಟಿಯ ಆಚೆ, ಒಂದು ಕಲ್ಲಿನ ಮೇಲೆ ತಲೆ ತಗ್ಗಿಸಿ ಕುಳಿತಳು. ಸುಣ್ಣ ಅರಳುವ ವಾಸನೆ ಬರುತ್ತಿತ್ತು. ಇಂದು ಅದನ್ನು ಎದೆತುಂಬ ಎಳೆದುಕೊಳ್ಳಲೂ ಅವಳಿಗೆ ಧೈರ್ಯವಿರಲಿಲ್ಲ.

ಹೆಜ್ಜೆಯ ಸದ್ದು. ಅವಳು ತಲೆ ಎತ್ತಲಿಲ್ಲ.

"ಕನ್ನಡಕ ಎಲ್ಲಿ?"

"ಅಂದು ಯಾಕೆ ಹೇಳಲಿಲ್ಲ ನೀವು? ಬಿಚ್ಚಿದ್ದು ನಾನೇ ಅಂತ?"

"ನಿಮ್ಮ ಮುಖದಲ್ಲಿ ಅಷ್ಟೊಂದು ಖುಷಿ ಇತ್ತು. ಮೀಟರನ್ನ ಬೈದ್ರೆ ಅದಕ್ಕೆ ನೋವಾಗಲ್ಲ ಅಂದ್ಕೊಂಡೆ."

"ನಿಮಗೆ ನೋವಾಗಲಿಲ್ವಾ?"

"ಆಯ್ತು. ತುಂಬಾನೇ ಆಯ್ತು." ಅವನು ಸುಳ್ಳು ಹೇಳಲಿಲ್ಲ. ಅವಳ ಕಣ್ಣೀರು ಮಡಿಲಿಗೆ ಬಿತ್ತು. "ಓದಿನ ಮಾತಿಗಲ್ಲ. ನಿಮಗೆ ನಾನು ಇಷ್ಟೇನಾ ಅಂತ."

"ಅಷ್ಟಲ್ಲ ಮನೋಹರ್! ದಿನಾ ಬಾಗಿಲು ನೋಡ್ತಿದ್ದೆ. ಸಿಟ್ಟಲ್ಲೂ ನಿಮ್ಮನ್ನೇ... ನಿಮ್ಮನ್ನ ಬಿಟ್ಟು ನನಗೆ ಊಟ ಸೇರ್ತಿರಲಿಲ್ಲ. ಇದನ್ನ ಹೇಳೋ ಯೋಗ್ಯತೆ ನನಗಿಲ್ಲ. ಆದ್ರೂ ಹೇಳ್ತಿದ್ದೀನಿ."

ಅವನು ಅವಳ ಪಕ್ಕದ ಕಲ್ಲಿನ ಧೂಳು ಒರೆಸಿ ಕುಳಿತ.

"ಅಮ್ಮನಿಗೆ ನಾನು ಏನೂ ಹೇಳಿರಲಿಲ್ಲ. ದಿನಾ ಇಬ್ಬರಿಗೇ ಕಟ್ತಿದ್ರು. ನಾನೂ ಬೇಡ ಅನ್ನಲಿಲ್ಲ."

"ಮತ್ತೆ ನನ್ನ ಪಾಲು?"

"ಶಂಕರಮ್ಮ ತಿಂದು ದಪ್ಪ ಆಗಿದ್ದಾರೆ, ನೋಡಿ ಬೇಕಾದ್ರೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ನಾಳೆಯಿಂದ..."

"ನಾಳೆ ಯಾಕೆ ದೀಪಾ?"

ಮೊದಲ ಬಾರಿಗೆ ಅವನ ಬಾಯಲ್ಲಿ ತನ್ನ ಹೆಸರು! ಅವಳು ತಲೆ ಎತ್ತಿದಳು.

ಮನೋಹರ ತಾನು ತಂದಿದ್ದ ಡಬ್ಬಿಯ ಮೇಲಿನ ಬಟ್ಟಲನ್ನು ಬಿಚ್ಚಿ, ಇನ್ನೂ ಬೆಚ್ಚಗಿದ್ದ ಅದನ್ನು, ಕುಂಕುಮದ ಕಲೆಯಿದ್ದ ಅವಳ ಕೈಗಳಲ್ಲಿಟ್ಟ.