ನೀಲಿ ಇಟ್ಟಿಗೆಯ ಸ್ಟೇಷನ್

"ಈ ಗೋಡೆ ಕೆಂಪಲ್ಲ ರೀ," ಎಂದಳು ವಿಮಲಾ. "ನೀಲಿ. ಮಸಿ ಬೆರೆಸಿದ ಹಾಗಿರೋ ನೀಲಿ."

ಹೆರಾಲ್ಡನ ಕೈಯಲ್ಲಿದ್ದ ಬ್ರಶ್ ಹಾಗೇ ನಿಂತಿತು. ಆ ಪುಟ್ಟ ಮಾದರಿ ಗೋಡೆಯ ಒಂದೊಂದು ಇಟ್ಟಿಗೆಯನ್ನೂ ಸೂಜಿಯಿಂದ ಗೀರಿ ಬಣ್ಣ ಹಚ್ಚಲು ಅವನಿಗೆ ನಾಲ್ಕು ತಿಂಗಳು ಹಿಡಿದಿತ್ತು.

"ನಾನು ನೋಡಿ ಕಟ್ಟಿದ ಫೋಟೋ ಬ್ಲ್ಯಾಕ್ ಅಂಡ್ ವೈಟ್ ಡಾಕ್ಟ್ರೇ. ನನಗೆ ಎಂತ ಗೊತ್ತು?"

"ಎರಡು ವರ್ಷ ಅದೇ ಗೋಡೆ ಪಕ್ಕ ನಡ್ಕೊಂಡು ಡ್ಯೂಟಿಗೆ ಹೋಗಿದ್ದೀನಿ. ನಿಮಗೆ ಬೇಜಾರಾದ್ರೂ ಅದು ನೀಲೀನೇ."

ಅದು ೧೯೮೯. ಮೈಸೂರಿನ ವಿಮಲಾ ಬರ್ಮಿಂಗ್‌ಹ್ಯಾಮಿನಲ್ಲಿ ತರಬೇತಿ ಮುಗಿಸಿ ನೈರೋಬಿಯ ಆಸ್ಪತ್ರೆಯೊಂದಕ್ಕೆ ಬಂದಿದ್ದಳು. ಅಲ್ಲಿ ನರ್ಸ್ ಆಗಿದ್ದ ಕರಾವಳಿ ಕನ್ನಡತಿ ಫ್ಲಾವಿಯಾ, ಅಣ್ಣನ ಹುಚ್ಚು ತೋರಿಸುತ್ತೇನೆಂದು ಅವಳನ್ನು ನ್ಗಾರಾ ಬಡಾವಣೆಯ ತಮ್ಮ ಮನೆಗೆ ಕರೆತಂದಿದ್ದಳು. ಅಣ್ಣ ಹೆರಾಲ್ಡ್, ಶಾಲೆಯಲ್ಲಿ ಟೆಕ್ನಿಕಲ್ ಡ್ರಾಯಿಂಗ್ ಮೇಷ್ಟ್ರು. ಇಂಗ್ಲೆಂಡನ್ನು ಕಣ್ಣಿಂದ ಕಂಡವನಲ್ಲ. ಆದರೂ ಹದಿನಾಲ್ಕಡಿ ಹಲಗೆಯ ಮೇಲೆ ಬರ್ಮಿಂಗ್‌ಹ್ಯಾಮಿನ ಹಳೆಯ ಸ್ಟೇಷನ್ನೊಂದರ ಮಾದರಿ ಕಟ್ಟುತ್ತಿದ್ದ. ಅಂಗಡಿಯ ಆಟಿಕೆ ಹಳಿ ನಿಜದ ಹಳಿಯನ್ನು ಕುಗ್ಗಿಸಿದ ಅಳತೆಗಿಂತ ಎರಡು ಮಿಲಿಮೀಟರ್ ಕಿರಿದು ಎಂದು ಹಳಿಯನ್ನೂ ತಾನೇ ಬೆಸೆಯುತ್ತಿದ್ದ.

ಸಿಟ್ಟಿನಲ್ಲೇ ಅವನು ಕೆಂಪನ್ನೆಲ್ಲ ಕೆರೆದು ತೆಗೆದ. ಮುಂದಿನ ಭಾನುವಾರ ಫೋನ್ ಮಾಡಿ, "ಆ ನೀಲಿ ಬೆರೆಸಿ ಕೊಡ್ತೀರಾ?" ಎಂದ.

ಹಾಗೆ ಎರಡು ವರ್ಷದ ಭಾನುವಾರಗಳು ಕಳೆದವು. ಬೆರಳಷ್ಟುದ್ದದ ಬೆಂಚುಗಳ ಮೇಲೆ ಬಾಗಿ, ಪ್ಲಾಟ್‌ಫಾರಂನ ಪುಟ್ಟ ಜನ ಹಾರದಿರಲೆಂದು ಅವಳು ಉಸಿರು ಹಿಡಿಯುವಳು. ಕೂದಲ ಎಳೆಯೊಂದು ಕೆನ್ನೆಗೆ ಜಾರುವುದು. ಅದನ್ನು ಕಿವಿಯ ಹಿಂದೆ ಸರಿಸಬೇಕೆಂದು ಅವನ ಕೈ ತುಡಿಯುವುದು. ಬಾಯಿ ಮಾತ್ರ, "ಸೋಲ್ಡರಿಂಗ್ ಐರನ್ ಬಿಸಿ ಉಂಟು, ಜಾಗ್ರತೆ," ಎನ್ನುವುದು.

ಅವನದೊಂದು ಗುಟ್ಟಿನ ಶಪಥವಿತ್ತು. ರೈಲು ಒಮ್ಮೆ ಈ ತುದಿಯಿಂದ ಆ ತುದಿಗೆ ಹಳಿ ತಪ್ಪದೆ ಓಡಲಿ, ಆ ದಿನವೇ ಅವಳನ್ನು ಮದುವೆಗೆ ಕೇಳಿಬಿಡುತ್ತೇನೆ. ಹಳಿ ಕವಲೊಡೆಯುವ ಮೂರನೇ ಜಾಗದಲ್ಲಿ ಎಂಜಿನ್ ಪ್ರತಿ ವಾರವೂ ಮಗುಚುತ್ತಿತ್ತು. ಬಿಚ್ಚಿದ, ಅರದಿಂದ ಉಜ್ಜಿದ, ಮತ್ತೆ ಬೆಸೆದ. ಮತ್ತೆ ಮಗುಚಿತು.

"ನನಗೆ ಕಿಸುಮು ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ," ಎಂದಳು ಒಂದು ಭಾನುವಾರ. "ಬುಧವಾರ ಹೊರಡ್ತೀನಿ. ಏನಾದ್ರೂ ಹೇಳೋದಿದ್ರೆ ಹೇಳಿ."

"ಇದೊಂದು ಸರಿಯಾಗಲಿ..."

ಅವಳು ಚಿಮುಟವನ್ನು ಕೆಳಗಿಟ್ಟಳು. "ಎರಡು ವರ್ಷದಿಂದ ನಾನು ಇಟ್ಟಿಗೆ ನೋಡೋಕೆ ಬರ್ತಿದ್ದೀನಿ ಅಂದ್ಕೊಂಡ್ರಾ?"

ಅವನು ಮಗುಚಿದ ಎಂಜಿನ್ ಎತ್ತಿ ಮತ್ತೆ ಹಳಿಯ ಮೇಲಿಟ್ಟ. ಅವಳು ಮಟಾಟು ವ್ಯಾನ್ ಹತ್ತಿ ಹೋದಳು.

ಸೋಮವಾರ ಅವನು ಶಾಲೆಗೆ ರಜೆ ಹಾಕಿದ. ಆಸ್ಪತ್ರೆಗೆ ಹೊರಟ ಮಟಾಟು ಅಪ್ಪರ್ ಹಿಲ್‌ನ ಏರಿನಲ್ಲಿ ಕೆಟ್ಟು ನಿಂತಿತು. ಬಿಸಿಲಲ್ಲಿ ನಡೆದು, ರೋಗಿಗಳ ಸಾಲಿನಲ್ಲಿ ಎರಡು ಗಂಟೆ ಕಾದು, ಬೆವರುತ್ತ ಅವಳ ಕೋಣೆಗೆ ಹೋದ.

"ಏನು ತೊಂದರೆ?" ತಲೆ ಎತ್ತದೆ ಕೇಳಿದಳು. ನೋಡಿದವಳು ಪೆನ್ ಕೆಳಗಿಟ್ಟಳು.

"ನೀವಿಲ್ಲದೆ ನನಗೆ ಆಗುವುದಿಲ್ಲ. ಮೊದಲೇ ಹೇಳಬೇಕಿತ್ತು. ರೈಲು ಓಡಿದ ಮೇಲೆ ಹೇಳುವ ಅಂತ ಇದ್ದೆ. ಆ ದರಿದ್ರ ಓಡುವುದೇ ಇಲ್ಲ. ನಾನೂ ಕಿಸುಮುಗೆ ಬರ್ತೇನೆ. ಮೇಷ್ಟ್ರು ಕೆಲಸ ಅಲ್ಲಿಯೂ ಸಿಗ್ತದೆ."

"ಸ್ಟೇಷನ್ನು? ಅದು ಬಾಗಿಲಲ್ಲೂ ಹಿಡಿಯಲ್ಲ."

"ಕೊಯ್ದು ತರ್ತೇನೆ."

ಅವಳು ನಂಬಲಿಲ್ಲ. ಮಂಗಳವಾರ ಮಧ್ಯಾಹ್ನ ನ್ಗಾರಾಕ್ಕೆ ಬಂದಾಗ ಗರಗಸ ಆಗಲೇ ನೀಲಿ ಗೋಡೆಯನ್ನು ಸೀಳಿ ಪ್ಲಾಟ್‌ಫಾರಂ ಮುಟ್ಟಿತ್ತು. ಹೆರಾಲ್ಡನ ಕಣ್ಣು ಕೆಂಪಾಗಿತ್ತು. ಅವಳು ಬ್ಯಾಗ್ ಕೆಳಗಿಟ್ಟು, ಹಲಗೆಯ ಆ ತುದಿಗೆ ಹೋಗಿ ಎರಡೂ ಕೈಯಿಂದ ಎತ್ತಿಹಿಡಿದಳು.

"ಅಲ್ಲಾಡಿಸಬೇಡ ಮಾರಾಯ್ತಿ, ಗಟ್ಟಿ ಹಿಡಿ," ಎಂದು ಗದರಿದ. ಗದರಿದ ಮೇಲೆ, ತಾನು ಅವಳನ್ನು ಏಕವಚನದಲ್ಲಿ ಕರೆದದ್ದು ತಿಳಿದು ಗರಗಸ ನಿಲ್ಲಿಸಿದ.

ವಿಮಲಾಳ ಕೆನ್ನೆಯಲ್ಲಿ ನಗು ಮೂಡಿತು.

"ಹಿಡ್ಕೊಂಡಿದ್ದೀನಿ," ಎಂದಳು. "ನೀನು ಕೊಯ್ಯಿ."