ಇಬ್ಬರೂ ಇಲ್ಲೇ ವಾಸಿಸುವಿರಾ?

"ಮಿಸ್ಟರ್ ಗಂಡ, ನೆಟ್ಟಗೆ ಕೂತ್ಕೊಳ್ಳಿ."

"ನೆಟ್ಟಗೇ ಕೂತಿದೀನಿ ಮೇಡಂ. ಕುರ್ಚಿ ಸೊಟ್ಟಗಿದೆ."

"ಸೋಫಾ ರಿಪೇರಿ ಮಾಡೋನ ಮನೇಲೇ ಸೊಟ್ಟ ಕುರ್ಚಿ. ಹಾಗಂತ ಬರ್ಕೊಳ್ಳಲಾ?"

"ಬರ್ಕೊಳ್ಳಿ. ಹೆಂಡತಿ ರಿಪೇರಿಗೆ ಟೈಮ್ ಕೊಡಲ್ಲ ಅಂತಾನೂ ಬರ್ಕೊಳ್ಳಿ."

ಅವಳಿಗೆ ರಜೆಯ ಬೆಳಗ್ಗೆ, ಅವನು ಅಂಗಡಿಗೆ ಹೊರಡಲು ಇನ್ನೂ ಹೊತ್ತಿತ್ತು. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್, ಅದರ ಆಚೆ ಅವನು, ಈಚೆ ಅವಳು. ಅವಳು ಈ ದೇಶಕ್ಕೆ ಬಂದು, ಹುಟ್ಟಿದ ದೇಶದ ಪಾಸ್‌ಪೋರ್ಟ್ ಬಿಟ್ಟುಕೊಟ್ಟು, ಇಲ್ಲಿನ ಪ್ರಜೆಯಾದವಳು. ಅವನು ಇನ್ನೂ ಆ ದೇಶದವನೇ, ಕುಶನ್ ಅಂಗಡಿಯ ಕೆಲಸದ ಪರ್ಮಿಟ್ ಮೇಲೆ ಇಲ್ಲಿರುವವನು. ಹೆಂಡತಿಯಾಗಿ ಅವಳು ಅರ್ಜಿ ಹಾಕಿದರೆ ಅವನಿಗೆ ಇಲ್ಲೇ ನೆಲೆಸುವ ಹಕ್ಕು. ಅರ್ಜಿಯ ಪ್ರಶ್ನೆಗಳನ್ನು ಅವಳು ಅಧಿಕಾರಿಯ ದನಿಯಲ್ಲಿ ಓದುತ್ತಿದ್ದಳು.

"ಮದುವೆಯಾದಾಗಿನಿಂದ ಒಂದೇ ಮನೆಯಲ್ಲಿ ವಾಸವಾಗಿದ್ದೀರಾ?"

"ಮನೆ ಒಂದೇ. ಅವಳು ಆಸ್ಪತ್ರೆ ಲ್ಯಾಬಿಂದ ನೈಟ್ ಡ್ಯೂಟಿ ಮುಗಿಸಿ ಬರೋ ಹೊತ್ತಿಗೆ ನಾನು ಶೂ ಹಾಕ್ಕೋತಿರ್ತೀನಿ. ಬಾಗಿಲಲ್ಲಿ ವಾಸ ಅಂತ ಬರೀರಿ."

ಅವಳು ಪರದೆಯ ಮೇಲಂಚಿನಿಂದ ಇಣುಕಿದಳು. ಅವನು ಅದನ್ನೇ ಕಾಯುತ್ತಿದ್ದವನಂತೆ ಒಂದು ಹುಬ್ಬು ಏರಿಸಿದ. ನಗಬಾರದೆಂದು ಅವಳು ಕೆಳತುಟಿ ಕಚ್ಚಿಕೊಂಡಳು. ಅವನ ನೋಟ ಆ ತುಟಿಗಿಳಿದು ಅಲ್ಲೇ ನಿಂತಿತು. ಅವಳೇ ಸೋತು ಮುಂದಿನ ಪ್ರಶ್ನೆಗೆ ಹೋದಳು.

"ಅನುಮತಿ ಸಿಕ್ಕ ಮೇಲೆ ಇಬ್ಬರೂ ಇದೇ ದೇಶದಲ್ಲಿ ಒಟ್ಟಿಗೆ ವಾಸಿಸುವಿರಾ?"

"ಹೌದು. ಅದೂ ಒಂದು ಪ್ರಶ್ನೆನಾ?"

ಅವಳ ಅಕ್ಕನ ಮಟ್ಟಿಗೆ ಅದೊಂದೇ ಪ್ರಶ್ನೆ. ಅಕ್ಕ ಹಾಕಿದ ಇಂಥದೇ ಅರ್ಜಿಯಿಂದ ಭಾವನಿಗೆ ಅನುಮತಿಪತ್ರ ಬಂದ ವಾರವೇ ಭಾವ ಬೇರೆ ಮನೆ ಹುಡುಕಿಕೊಂಡಿದ್ದ. ನಿನ್ನೆಯಷ್ಟೇ ಅಕ್ಕ ಫೋನಿನಲ್ಲಿ ಕುಟುಕಿದ್ದಳು: "ನಿನ್ನ ಕುಶನ್ ಮೇಸ್ತ್ರಿಗೆ ಬೇಕಾಗಿರೋದು ನೀನಾ, ನಿನ್ನ ಸಹಿನಾ? ಕಣ್ಣುಬಿಟ್ಟು ನೋಡ್ಕೊಳೇ."

ನಿನ್ನೆ ಅವಳು ನಕ್ಕಿದ್ದಳು. ಈಗ ಆ ಮಾತು ಮತ್ತೆ ಕೇಳಿಸಿತು. ಅವಳು ಓದಿದ್ದು ವಿಜ್ಞಾನ. ಒಂದು ಪರಿಣಾಮಕ್ಕೆ ಎರಡು ಕಾರಣಗಳಿದ್ದರೆ ಒಂದನ್ನು ತೆಗೆದು ನೋಡಬೇಕು, ಇನ್ನೊಂದರ ಬಲ ಆಗ ತಿಳಿಯುತ್ತದೆ. ಅವನು ತನ್ನ ಜೊತೆ ಇರುವುದಕ್ಕೆ ತಾನು ಕಾರಣವೋ, ಈ ದೇಶ ಕಾರಣವೋ? ಅವಳು ದೇಶವನ್ನು ತೆಗೆದಳು.

"ಅಲ್ಲಿ 'ಇಲ್ಲ' ಅಂತ ಬರೀಬೇಕಾಗುತ್ತೆ ಕಣೋ," ಎಂದಳು. "ಹೇಳೋಕೆ ಧೈರ್ಯ ಬಂದಿರಲಿಲ್ಲ. ಬೇರೆ ದೇಶದ ಲ್ಯಾಬಲ್ಲಿ ನನಗೆ ಕೆಲಸ ಸಿಕ್ಕಿದೆ. ಒಪ್ಕೊಂಡುಬಿಟ್ಟೆ. ಅಲ್ಲಿ ನಿನಗೆ ಕೆಲಸ ಮಾಡೋ ಹಕ್ಕಿರಲ್ಲ. ನೀನು ಬರ್ತೀಯೋ, ಇಲ್ಲೇ ಇರ್ತೀಯೋ ನಿನಗೆ ಬಿಟ್ಟಿದ್ದು."

ಅವನ ಹುಬ್ಬು ಇಳಿಯಿತು. "ಒಪ್ಕೊಂಡಾಯ್ತಾ?"

"ಆಯ್ತು."

ಅವನು ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಶೂ ಹಾಕಿಕೊಂಡು ಹೊರಟ. ಸಂಜೆಗೆ ನಿಜ ಹೇಳಿದರಾಯಿತು ಎಂದುಕೊಂಡಳು. ಕಿಟಕಿಯಿಂದ ಅವನ ಬೆನ್ನನ್ನೇ ನೋಡುತ್ತ ನಿಂತಳು. ಅಯ್ಯೋ ಪಾಪ ಅನ್ನಿಸಿತು. ಆದರೂ ಕೂಗಿ ಕರೆಯಲಿಲ್ಲ. ಅರ್ಧಕ್ಕೆ ನಿಲ್ಲಿಸಿದ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲವಲ್ಲ.

ಮಧ್ಯಾಹ್ನ ಅವನು ತನ್ನ ಸಾಮಾನಿನ ಚೀಲ ಹೊತ್ತು ಬಂದ. ಸುತ್ತಿಗೆ, ಕತ್ತರಿ, ಗೇಣುದ್ದದ ಸೂಜಿಗಳು. ಯಾವತ್ತೂ ಅಂಗಡಿ ಬಿಟ್ಟು ಬಾರದ ಚೀಲ. ಮುಖದಲ್ಲಿ ಬೆವರು, ಬೆವರಿನ ಹಿಂದೆ ಎಂಥದೋ ನಗು.

"ಮುಗಿಸಿ ಬಂದೆ," ಎಂದ.

"ಏನನ್ನ?"

"ಯಜಮಾನರು ಹೊಸ ಅಂಗಡಿ ನನ್ನ ಕೈಗೆ ಕೊಡ್ತೀನಿ ಅಂದಿದ್ರು. ಅರ್ಜಿ ಕಳಿಸಿದ ಮೇಲೆ ನಿನಗೆ ಹೇಳೋಣ ಅಂತ ಬಚ್ಚಿಟ್ಟಿದ್ದೆ. ಇವತ್ತು ಅವರಿಗೆ ಉತ್ತರ ಕೊಡಬೇಕಿತ್ತು. ಬೇಡ ಅಂದೆ. ಇರೋ ಕೆಲಸಾನೂ ಬಿಟ್ಟೆ. ನನ್ನೆದುರಿಗೇ ಇನ್ನೊಬ್ಬನಿಗೆ ಬೀಗದಕೈ ಕೊಟ್ರು. ಹೋಗ್ಲಿ ಬಿಡು. ಹೇಳು, ಅಲ್ಲಿ ಚಳಿ ಜೋರಾ? ನನ್ನ ಹತ್ರ ಸ್ವೆಟರ್ ಇರೋದು ಒಂದೇ."

ಅವಳು ನಕ್ಕುಬಿಟ್ಟಳು. ಜೀವ ಹಗುರಾಗಿ ಬಂದ ನಗು, ತಡೆಯಲಾಗಲಿಲ್ಲ. ಓಡಿಹೋಗಿ ಅವನ ಕೊರಳಿಗೆ ಜೋತುಬಿದ್ದಳು.

"ಸುಳ್ಳು ಕಣೋ! ಯಾವ ಕೆಲಸಾನೂ ಇಲ್ಲ, ಯಾವ ದೇಶಾನೂ ಇಲ್ಲ. ನೀನು ನನಗೋಸ್ಕರ ಬರ್ತೀಯಾ ಅಂತ ನೋಡ್ಬೇಕಿತ್ತು ಅಷ್ಟೆ. ಪಾಸ್ ಕಣೋ ನೀನು, ಫಸ್ಟ್ ಕ್ಲಾಸ್!"

ಅವನ ಕೈಗಳು ಅವಳ ಬೆನ್ನ ಮೇಲೆ ಬರಲಿಲ್ಲ. ಅದು ಅವಳಿಗೆ ಸ್ವಲ್ಪ ತಡವಾಗಿ ಗೊತ್ತಾಯಿತು.

"ಯಾರು ಹೇಳ್ಕೊಟ್ರು? ನಿಮ್ಮಕ್ಕನಾ?"

"ಅಕ್ಕ ಬರೀ ಕೇಳಿದ್ಲು. ಮಾಡಿದ್ದು ನಾನೇ."

"ನೀನೇ." ಚೀಲವನ್ನು ಮೆಲ್ಲಗೆ ನೆಲಕ್ಕಿಟ್ಟ. "ನನ್ನ ಪರ್ಮಿಟ್ ಆ ಅಂಗಡೀದು. ಈ ತಿಂಗಳಿಗೆ ಮುಗೀತು."

"ಅದಕ್ಕೇನೀಗ? ನಾನಿದೀನಲ್ಲ. ಇವತ್ತೇ ಅರ್ಜಿ ಕಳಿಸ್ತೀನಿ."

"ಅದೇ ಕಷ್ಟ. ನಿನ್ನೆವರೆಗೂ ನಾನು ಇಲ್ಲಿ ನನ್ನ ಕೈ ಕೆಲಸದಿಂದ ಇದ್ದೆ. ನಾಳೆಯಿಂದ ನಿನ್ನ ಸಹಿಯಿಂದ ಇರ್ಬೇಕು. ಇನ್ನೊಂದು ದಿನ ನಿನಗೆ ಅನುಮಾನ ಬಂದ್ರೆ ಏನು ಬಿಟ್ಟು ತೋರಿಸ್ಲಿ? ನನ್ನ ಹತ್ರ ಇನ್ನೇನೂ ಉಳಿದಿಲ್ವಲ್ಲೇ."

ದನಿ ಏರಿರಲಿಲ್ಲ. ಏರಿದ್ದರೆ ಅವಳೂ ಜಗಳವಾಡಿ, ಅತ್ತು, ಗೆಲ್ಲುತ್ತಿದ್ದಳು.

"ಊರಿಗೆ ಹೋಗ್ತೀನಿ," ಎಂದ.

"ನಾನೂ ಬರ್ತೀನಿ."

"ಹೇಗ್ ಬರ್ತೀಯ? ಅಲ್ಲಿನ ಪಾಸ್‌ಪೋರ್ಟ್ ಬಿಟ್ಟುಕೊಟ್ಟವಳು ನೀನು. ಹುಟ್ಟಿದ ಊರಲ್ಲಿ ನೆಲೆಸೋಕೂ ನಿನಗೀಗ ಗಂಡ ಅರ್ಜಿ ಹಾಕ್ಬೇಕು."

"ಹಾಕು."

"ಪ್ರಶ್ನೆ ಕೇಳ್ತಾರೆ."

"ಕೇಳ್ಲಿ."

"ಅವರಿಗಿಂತ ಮುಂಚೆ ನಾನು ಕೇಳ್ತೀನಿ." ಅವನು ಅವಳ ಗಲ್ಲ ಹಿಡಿದು ಮುಖ ಎತ್ತಿದ. ಪ್ರೀತಿಯಿಂದಲೇ ಎತ್ತಿದ, ಅದೇ ಹೆಚ್ಚು ನೋಯಿಸಿತು. "ನೀನು ಬರೋದು ನನಗೋಸ್ಕರನಾ? ಅಥವಾ ಇವತ್ತು ಮಾಡಿದ್ದಕ್ಕೆ ಪ್ರಾಯಶ್ಚಿತ್ತನಾ?"

ಥಟ್ಟನೆ ಹೇಳಿದರೆ ಬಾಯಿಪಾಠ, ತಡೆದು ಹೇಳಿದರೆ ಲೆಕ್ಕಾಚಾರ. ಎರಡು ಕಾರಣಗಳೂ ಅವಳೊಳಗೆ ಕಲೆತುಹೋಗಿದ್ದವು. ಒಂದನ್ನು ತೆಗೆದು ಇನ್ನೊಂದನ್ನು ತೋರಿಸುವ ದಾರಿ ಅವಳಿಗೆ ಕಾಣಲಿಲ್ಲ.

"ಗೊತ್ತಿಲ್ಲ," ಎಂದಳು. ಕಣ್ಣೀರು ಕೆನ್ನೆಗಿಳಿಯಿತು.

ಸೂಜಿ ಚುಚ್ಚಿ ಚುಚ್ಚಿ ಒರಟಾದ ಹೆಬ್ಬೆರಳಿನಿಂದ ಅವನು ಅದನ್ನು ಒರೆಸಿದ.

"ಇದನ್ನ ನಂಬ್ತೀನಿ," ಎಂದು ರೂಮಿಗೆ ಹೋದ.

ಬೀರುವಿನ ಮೇಲಿಂದ ಸೂಟ್‌ಕೇಸ್ ಇಳಿಸಿದ ಸದ್ದು ಕೇಳಿಸಿತು. ಅಲ್ಲಿ ಇರುವುದು ಎರಡು. ಎರಡನೆಯದನ್ನೂ ಇಳಿಸುತ್ತಾನೇನೋ ಎಂದು ಅವಳು ಕಿವಿಗೊಟ್ಟು ಕಾದಳು.

ಒಳಗೆ ಅವನು ಆ ಒಂದೇ ಸೂಟ್‌ಕೇಸಿನ ಜಿಪ್ ಎಳೆದು ತೆರೆದ.